ಯಾರೂ ಕೇಳದ ಬತ್ತಿ

ರಾಕೆಟ್ಟು ಹಾರಿಸುವ ಮುನ್ನ ಎಲ್ಲರನ್ನೂ ಕೇಳತಕ್ಕದ್ದು. ಕೇಳಿದವನಿಗೆ ನಿಜ ಹೇಳತಕ್ಕದ್ದು. ವರದನ ಹಿತ್ತಲಿನ ಕಾರ್ಖಾನೆಯಲ್ಲಿ ಇದ್ದ ನಿಯಮ ಇದೊಂದೇ. ಆ ಬೆಳಿಗ್ಗೆ ಎಲ್ಲರೂ ಅದನ್ನು ಮುರಿದರು.

ವರದನಿಗೆ ಹದಿನಾಲ್ಕು ವರ್ಷ. ನಾಡಿನಲ್ಲಿ ಮೊದಲು ರಾಕೆಟ್ಟು ಹಾರಿಸುವವನು ತಾನೇ ಆಗಬೇಕೆಂಬ ಹಟ.

"ಸುತ್ತಿಗೆರಾಯರೇ, ಏಟು ಸರಿಯಾಗಿ ಬಿತ್ತೇ?"

"ಬಿತ್ತು," ಎಂದಿತು ಸುತ್ತಿಗೆ. ಕೊನೆಯ ಏಟಿಗೆ ಕೊಳವೆ ಬಿರುಕು ಬಿಟ್ಟಿದ್ದು ಅದಕ್ಕೆ ಗೊತ್ತಿತ್ತು.

"ಕೊಳವೆಯಣ್ಣಾ, ಗಟ್ಟಿಯಾಗಿದ್ದೀಯಾ?"

"ಕಬ್ಬಿಣದ ಹಾಗಿದ್ದೇನೆ," ಎಂದಿತು ತಗಡಿನ ಕೊಳವೆ. ನಿಜ ಹೇಳಿದ್ದರೆ ಗುಜರಿಗೆ ಹೋಗಬೇಕಿತ್ತು.

ಒಳಗಿದ್ದ ಮದ್ದಿಗೆ ಬಿರುಕಿನಲ್ಲಿ ಬೆಳಕು ಕಾಣುತ್ತಿತ್ತು. ಆದರೂ, "ನನ್ನದೇನೂ ತಕರಾರಿಲ್ಲ," ಎಂದಿತು.

ಅವಸರದಲ್ಲಿ ವರದ ಬತ್ತಿಯನ್ನು ಮಾತ್ರ ಕೇಳಲಿಲ್ಲ. ಕಡ್ಡಿ ಗೀರಿ ಹಚ್ಚಿದ. ಉರಿ ಹೇಗೆ ಒಳಗೆ ಹೋಗುತ್ತದೆಂದು ನೋಡಲು ಮುಖವನ್ನು ಹತ್ತಿರ ತಂದ.

ಉರಿಯುತ್ತಾ ಬಂದ ಬತ್ತಿಗೆ ಬಿರುಕು ಕಂಡಿತು. "ವರದಾ, ದೂರ ಸರಿ!" ಎಂದು ಕೂಗಿತು. ಉರಿಯ ಸದ್ದಿನಲ್ಲಿ ಅವನಿಗದು ಕೇಳಿಸಲಿಲ್ಲ.

"ಬಾಯಿ ಮುಚ್ಚು," ಎಂದಿತು ಕೊಳವೆ. "ಉರಿಯುವುದಷ್ಟೇ ನಿನ್ನ ಕೆಲಸ. ವಿಚಾರಣೆ ನಿನಗೇಕೆ?"

"ಹುಡುಗನ ಕಣ್ಣು ಇಲ್ಲೇ ಇದೆಯಲ್ಲಯ್ಯಾ!"

"ಅರ್ಧದಲ್ಲಿ ನಿಂತು ನೋಡು, ನಿನ್ನನ್ನು ಕಸಕ್ಕೆ ಎಸೆಯುತ್ತಾನೆ," ಎಂದು ಮದ್ದು ನಕ್ಕಿತು.

"ಎಸೆಯಲಿ," ಎಂದ ಬತ್ತಿ, ಮದ್ದಿಗೆ ಇನ್ನೊಂದು ಬೆರಳಗಲ ಉಳಿದಿರುವಾಗ ತನ್ನನ್ನು ತಾನೇ ಕಡಿದುಕೊಂಡು, ಉರಿಯುವ ತುದಿಯನ್ನು ಹೊತ್ತು ಒದ್ದೆ ಮಣ್ಣಿಗೆ ಬಿತ್ತು.