ಹುಲಿಗೆಪ್ಪನ ಪೆಟ್ಟಿಗೆ

ಹೊಳೆದಂಡೆಯ ಆಶ್ರಮದಲ್ಲಿ ಕೊಟ್ರಯ್ಯ ಗುರುಗಳು ಕಂಪ್ಯೂಟರ್ ಪ್ರೋಗ್ರಾಂ ಬರೆಯುವ ವಿದ್ಯೆ ಕಲಿಸುತ್ತಿದ್ದರು. ಶಿಷ್ಯರಲ್ಲಿ ಶಾಂಭವಿ ಚುರುಕು, ಮಾತು ಕಡಿಮೆ.

ಹೊಳೆ ದಾಟಿಸುವ ಅಂಬಿಗರ ಬಳಿಯೆಲ್ಲ ಆಶ್ರಮದ ಒಂದೊಂದು ಪೆಟ್ಟಿಗೆ ಇತ್ತು. ತನ್ನ ಊರ ದಂಡೆಯ ನೀರಿನ ಅಳತೆಗೋಲನ್ನು ದೂರದಿಂದಲೇ ಓದಿ ಅದು 'ದಾಟಬಹುದು' ಎಂದೋ 'ನಿಲ್ಲು' ಎಂದೋ ಹೇಳುತ್ತಿತ್ತು.

ಆ ಪೆಟ್ಟಿಗೆಗಳ ಲೆಕ್ಕವೆಲ್ಲ, ಅವುಗಳ ಪ್ರೋಗ್ರಾಮುಗಳು ಹಂಚಿಕೊಂಡು ಬಳಸುವ ಒಂದೇ ಲೈಬ್ರರಿಯಲ್ಲಿತ್ತು. ಅದನ್ನು ಕಟ್ಟುವ ಸಲಕರಣೆ ಲಿಬ್‌ಟೂಲ್. ಕಪ್ಪು ಪರದೆಯ ಮೇಲೆ ಒಂದು ಸಾಲಿನ ಆಜ್ಞೆ ಬರೆದರೆ ಸಾಕು, ಕಟ್ಟಿಕೊಡುತ್ತದೆ. ಇಲ್ಲಿ ಹೊಸದು ಕಟ್ಟಿದರೆ ಅಲ್ಲಿ ಪೆಟ್ಟಿಗೆಗಳು ತಾವೇ ತರಿಸಿಕೊಳ್ಳುತ್ತಿದ್ದವು.

ಅದನ್ನು ಚೊಕ್ಕಟ ಮಾಡುವ ಕೆಲಸ ಶಾಂಭವಿಗೆ ಬಂತು. ಒಳಗೊಂದು ಹಳೇ ತುಣುಕು ಸಿಕ್ಕಿತು. ಮೀಟರಿನದಲ್ಲ, ಅಡಿ ಲೆಕ್ಕದ ಅಳತೆಗೋಲನ್ನು ಓದುವಂಥದ್ದು.

"ಇದನ್ನ ಯಾರಾದರೂ ಬಳಸ್ತೀರಾ?" ಎಂದು ಅಂಗಳದಲ್ಲಿದ್ದವರನ್ನು ಕೇಳಿದಳು.

"ನಮ್ಮಜ್ಜಿಯ ಬೀಸುಕಲ್ಲು ಅದು. ಎತ್ತಿ ಹಾಕು ಮಾರಾಯ್ತಿ!" ಎಂದು ಎಲ್ಲರೂ ನಕ್ಕರು.

ತೆಗೆದಳು.

ಲಿಬ್‌ಟೂಲಿಗೆ ಕೊನೆಯಲ್ಲೊಂದು ಅಂಕಿ ಹೇಳಬೇಕು. ಈ ಹೊಸದು ಎಷ್ಟು ಹಿಂದಿನ ಪ್ರೋಗ್ರಾಮುಗಳನ್ನು ಕೈಬಿಡದೆ ನಡೆಸುತ್ತದೆ ಎನ್ನುವ ಅಂಕಿ. ಏನನ್ನಾದರೂ ತೆಗೆದಿದ್ದರೆ ಸೊನ್ನೆ. ಸೊನ್ನೆ ಬರೆದರೆ ಹಳೇ ಲೈಬ್ರರಿ ಪಕ್ಕದಲ್ಲೇ ಉಳಿದು ಹಳಬರನ್ನು ನಡೆಸುತ್ತದೆ. ಆದರೆ ಹೊಸದನ್ನು ಬೇಕೆನ್ನುವ ಪ್ರೋಗ್ರಾಮುಗಳನ್ನೆಲ್ಲ ಮತ್ತೆ ಕಟ್ಟಬೇಕು.

ಅಷ್ಟಕ್ಕೆಲ್ಲ ಹೊತ್ತಿರಲಿಲ್ಲ; ಸಂಜೆಯೇ ಗುರುಗಳು ನೋಡಲು ಬರುವವರಿದ್ದರು. ಶಾಂಭವಿ ಸೊನ್ನೆ ಬರೆಯಲಿಲ್ಲ. ಹಳಬರೆಲ್ಲ ನಡೆಯುತ್ತಾರೆ ಎಂದೇ ಬರೆದಳು. ಲಿಬ್‌ಟೂಲ್ ನಂಬಿತು. ಪೆಟ್ಟಿಗೆಗಳೆಲ್ಲ ಹಳೆಯದನ್ನು ಬಿಟ್ಟು ಹೊಸದನ್ನೇ ಹಿಡಿದವು.

ಕೆಲವು ದಿನ ಕಳೆದ ಮೇಲೆ ಕೆಳಗಿನ ಹಳ್ಳಿಯ ಅಂಬಿಗ ಹುಲಿಗೆಪ್ಪ ದೋಣಿಯಲ್ಲಿ ಬಂದ. ಪೆಟ್ಟಿಗೆಯನ್ನು ಟವೆಲಿನಲ್ಲಿ ಸುತ್ತಿ ತಂದಿದ್ದ.

"ತಪ್ಪು ನಂದರೀ ಅಜ್ಜಾರ. ಒರಸೋವಾಗ ಏನರ ಒತ್ತೀನಿ ಅನಸ್ತದ. ಹುಟ್ಟು ಹಿಡಿಯೋ ಕೈ, ಒರಟು."

"ಏನಾಯಿತು ಹುಲಿಗೆಪ್ಪ?"

"ಆಚಿ ದಂಡಿಯಾಗ ನಮ್ಮ ಅಕ್ಕಗ ಭಾಳ ಜಡ್ಡಾಗಿತ್ರಿ. ಬಾ ಅಂತ ಹೇಳಿ ಕಳಿಸಿದ್ಲು. ಪೆಟಿಗಿ ನೋಡಿದ್ರ ಮಾತಾಡವಲ್ದು. ಮ್ಯಾಲೆ ಡ್ಯಾಮಿನ ಗೇಟು ತಗದಾರೋ ಇಲ್ಲೋ, ಕಣ್ಣಿಗೆ ತಿಳಿಯಾಂಗಿಲ್ಲ. ಈಗ ಮಾತಾಡ್ತದ, ಆಗ ಮಾತಾಡ್ತದ ಅಂತ ಕುಂತೆ."

ಟವೆಲಿನ ತುದಿಯಿಂದ ಮುಖ ಒರೆಸಿಕೊಂಡ.

"ನನ್ನ ಹೆಸರು ಹಿಡಿದು ಕರದ್ಲಂತ್ರಿ. ನಾ ಹೋಗೋದ್ರೊಳಗ ಮುಗದಿತ್ತು."

ಶಾಂಭವಿ ಪೆಟ್ಟಿಗೆ ತೆಗೆದುಕೊಂಡು ಒಳಗೆ ಹೋದಳು. ತಂತಿ ಜೋಡಿಸಿ ನೋಡಿದಳು. ಪರದೆಯ ಮೇಲೆ ಒಂದೇ ಸಾಲು: ಬೇಕಾದ ತುಣುಕು ಸಿಗಲಿಲ್ಲ. ಅಡಿ ಲೆಕ್ಕದ್ದು. ಹುಲಿಗೆಪ್ಪನ ಹಳ್ಳಿಯಲ್ಲಿ ಇನ್ನೂ ಅಡಿಯ ಅಳತೆಗೋಲೇ ಇತ್ತು.

ಗುರುಗಳು ಹಿಂದೆ ಬಂದು ನಿಂತಿದ್ದರು.

"ನಾನೇ ತೆಗೆದದ್ದು," ಎಂದಳು ತಿರುಗದೆ. "ಎಲ್ಲರನ್ನೂ ಕೇಳಿಯೇ ತೆಗೆದೆ ಗುರುಗಳೇ."

"ಎಲ್ಲರನ್ನೂ?"

ಅವಳು ಪರದೆಯ ಆ ಸಾಲನ್ನೇ ಮತ್ತೊಮ್ಮೆ ಓದಿದಳು.

"ಅಂಗಳದಲ್ಲಿದ್ದವರನ್ನ."

ಗುರುಗಳು ಪೆಟ್ಟಿಗೆಯನ್ನು ತಿರುಗಿಸಿ ನೋಡಿದರು.

"ಸ್ಟ್ಯಾಟಿಕ್ ಆಗಿ ಕಟ್ಟಿದ್ದರೆ ಚೆನ್ನಾಗಿತ್ತು," ಎಂದಳು. "ಲೆಕ್ಕವನ್ನ ಪೆಟ್ಟಿಗೆಯ ಪ್ರೋಗ್ರಾಮಿನೊಳಗೇ ಹೊಲಿದುಬಿಟ್ಟಿದ್ದರೆ, ನನ್ನ ತಪ್ಪು ಅವನ ತನಕ ಹೋಗ್ತಿರಲಿಲ್ಲ."

"ನಿನ್ನ ತಿದ್ದುಪಡಿಯೂ ಹೋಗ್ತಿರಲಿಲ್ಲ."

ತುಣುಕನ್ನು ಮರಳಿ ಸೇರಿಸಿ, ಲೈಬ್ರರಿಯನ್ನು ಮತ್ತೆ ಕಟ್ಟಿದಳು. ಪೆಟ್ಟಿಗೆ 'ದಾಟಬಹುದು' ಎಂದಿತು.

ಪಡಸಾಲೆಯಲ್ಲಿ ಊಟ ಮಾಡುತ್ತಿದ್ದ ಹುಲಿಗೆಪ್ಪ ಎಂಜಲು ಕೈಯಲ್ಲೇ ಎದ್ದು ನಿಂತ.

"ಮಾತಾಡ್ತು ನೋಡ್ರಿ! ಪುಣ್ಯಾತ್ಗಿತ್ತಿ ನೀವು. ಇನ್ನ ಮ್ಯಾಲೆ ನಾ ಇದನ್ನ ಮುಟ್ಟಂಗಿಲ್ಲ ತಾಯಿ. ಧೂಳು ಕುಂತ್ರ ಕುಂದರ್ಲಿ."

ಶಾಂಭವಿ ಬಾಯಿ ತೆರೆದಳು. "ಒರೆಸಬಹುದು," ಎಂದಷ್ಟೇ ಹೊರಬಂತು.

ಅವನು ಕೈತೊಳೆದು ಬಂದು, ಕೈಮುಗಿದು, ಪೆಟ್ಟಿಗೆಯನ್ನು ಟವೆಲಿನಲ್ಲಿ ಸುತ್ತಿಕೊಂಡು ಮೆಟ್ಟಿಲಿಳಿದು ಹೋದ.

"ಸರಿಯಾಯಿತು ಗುರುಗಳೇ," ಎಂದಳು.

"ಪೆಟ್ಟಿಗೆ ಸರಿಯಾಯಿತು. ಅವನು ತನ್ನ ಕೈಯನ್ನೇ ಬೈದುಕೊಳ್ತಾ ಹೋದನಲ್ಲ?"

ಶಾಂಭವಿ ದಂಡೆಗೆ ಓಡಿದಳು. ದೋಣಿ ಆಗಲೇ ಸೆಳವಿಗೆ ಸಿಕ್ಕಿತ್ತು.

"ಹುಲಿಗೆಪ್ಪಾ! ನಿಮ್ಮ ತಪ್ಪಲ್ಲ! ನಾನು, ನಾನು ತೆಗೆದದ್ದು!"

ಅವನು ತಿರುಗಿ ನೋಡಿದ. ಹುಟ್ಟು ಎತ್ತಿ ಆಡಿಸಿದ, ಬೀಳ್ಕೊಡಲು ಬಂದವರಿಗೆ ಆಡಿಸುವ ಹಾಗೆ. ನಕ್ಕ ಹಾಗೂ ಇತ್ತು.

ದೋಣಿ ತಿರುವಿನಲ್ಲಿ ಮರೆಯಾಯಿತು. ಅವಳು ಕೆಸರುಗಾಲಲ್ಲೇ ಮರಳಿ ಬಂದಳು.

"ಕೇಳಿಸಿತೇ?" ಎಂದರು ಗುರುಗಳು.

"ಇಲ್ಲ. ಫೋನ್ ಮಾಡಿ ಹೇಳಿಬಿಡ್ತೀನಿ."

"ಅಕ್ಕ ಹೋದದ್ದನ್ನ ಅವನು ಫೋನ್ ಮಾಡಿ ಹೇಳಿದನೇ?"

ಅವಳು ಕಾಲಿನ ಕೆಸರು ತೊಳೆಯತೊಡಗಿದಳು.

"ಹಾಗಾದರೆ ಇನ್ನೊಮ್ಮೆ ಈ ಕಡೆ ಬಂದಾಗ ಹೇಳ್ತೀನಿ ಗುರುಗಳೇ. ಬಂದೇ ಬರ್ತಾನಲ್ಲ."

ಗುರುಗಳು ಅಡುಗೆಮನೆಗೆ ಹೋದರು. ಬರುವಾಗ ಕೈಯಲ್ಲೊಂದು ಚಿಕ್ಕ ಗಂಟು. ಅವಳ ಕೈಗಿಟ್ಟರು.

"ಏನಿದು?"

"ರೊಟ್ಟಿ, ಚಟ್ನಿಪುಡಿ. ಅವನ ಊರು ನಡೆಯುವವರಿಗೆ ದೂರ."