ಒಲೆಯ ಮೇಲೆ ಸೀದ ಪಾಕ

"ಗುರುಗಳೇ, ನನ್ನ ಮನೆಯಲ್ಲಿ ಯಾರೂ ತಪ್ಪು ಮಾಡುವುದಿಲ್ಲ. ಹಾಗೆ ತಿದ್ದಿದ್ದೇನೆ. ಆದರೂ ನಾನು ಒಳಗೆ ಕಾಲಿಟ್ಟ ಕೂಡಲೇ ಎಲ್ಲರ ಮಾತು ನಿಂತುಹೋಗುತ್ತದೆ. ಏಕೆ?" ಎಂದು ಚನ್ನವೀರಪ್ಪನೆಂಬ ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಅತ್ತೆ ಇದ್ದಳು. ಮನೆಗೆ ಗಾಜಿನ ಹಾಸಿನ ಕರೆಂಟ್ ಒಲೆ ಬಂದ ದಿನವೇ ಅವಳು ಸೊಸೆಗೆ, "ಇದರ ಮೇಲೆ ಒಂದು ಕಲೆಯೂ ಕಾಣಬಾರದು" ಎಂದಿದ್ದಳು. ಎರಡು ವರ್ಷ ಕಳೆದರೂ ಕಂಡಿರಲಿಲ್ಲ. ಅದು ತನ್ನ ಶಿಸ್ತಿನ ಫಲವೆಂದು ಅತ್ತೆ ನೆರೆಯವರಲ್ಲಿ ಹೇಳಿಕೊಳ್ಳುತ್ತಿದ್ದಳು.

ಒಂದು ಬೆಳಿಗ್ಗೆ ಸೊಸೆ ಬಟ್ಟೆ ಒಣಹಾಕಲು ಮಹಡಿಗೆ ಹೋಗಿದ್ದಳು. ಅತ್ತೆ ತಾನೇ ಒಲೆಯ ಮೇಲೆ ಬೆಲ್ಲದ ಪಾಕ ಇಟ್ಟಳು. ಅಷ್ಟರಲ್ಲಿ ಫೋನ್ ಬಂತು. ಮಾತು ಮುಗಿಸಿ ಬಂದು ನೋಡಿದರೆ ಪಾಕ ಉಕ್ಕಿ, ಗಾಜಿನ ಮೇಲೆ ಹರಡಿ, ಸೀದು ಕರ್ರಗೆ ಕಚ್ಚಿಕೊಂಡಿತ್ತು.

ಸೊಸೆ ನೋಡಿಬಿಟ್ಟರೆ? ಅತ್ತೆ ಅವಸರದಿಂದ ಪಾತ್ರೆ ಇಳಿಸಿದಳು. ಒಲೆ ಆರಿಸಿದಳು. ತಣಿಯಲು ಬಿಡಲಿಲ್ಲ. ಪಾತ್ರೆ ತಿಕ್ಕುವ ಕಬ್ಬಿಣದ ನಾರು ಹಿಡಿದು ಉಜ್ಜಿದಳು. ಗಾಜಿಗೆ ಗೀರು ಬಿತ್ತೇ ಹೊರತು ಕಲೆ ಹೋಗಲಿಲ್ಲ. ಚಾಕುವಿನ ತುದಿಯಿಂದ ಕೆರೆದಳು. ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದು ಕೇಳಿತು. ಗಾಬರಿಯಲ್ಲಿ ಒಂದು ಚೊಂಬು ತಣ್ಣೀರು ಸುರಿದಳು.

ಗಾಜು ಫಟ್ಟೆಂದು ಈ ತುದಿಯಿಂದ ಆ ತುದಿಗೆ ಸೀಳಿಹೋಯಿತು.

ಸೊಸೆ ಓಡಿ ಬಂದಳು. ಒಲೆ ನೋಡಿದಳು. "ತಪ್ಪಾಯ್ತು ಅತ್ತೆ, ಇನ್ನೊಮ್ಮೆ ಹೀಗಾಗಲ್ಲ" ಎಂದಳು.

ಅತ್ತೆ ದಂಗಾದಳು. "ಒಡೆದದ್ದು ನಾನು ಕಣೇ. ನೀನ್ಯಾಕೆ ತಪ್ಪಾಯ್ತು ಅಂತೀಯ?"

ಸೊಸೆ ಹಿಟ್ಟಿನ ಡಬ್ಬಗಳ ಹಿಂದೆ ಕೈ ಹಾಕಿ ಒಂದು ಪುಟ್ಟ ಗಂಟು ತೆಗೆದಳು. ಅದರಲ್ಲಿ ಅಡುಗೆ ಸೋಡಾ, ಹಳೆಯ ಬಟ್ಟೆ, ಒಂದು ಬ್ಲೇಡು ಇದ್ದವು.

"ವಾರಕ್ಕೊಮ್ಮೆಯಾದ್ರೂ ಏನಾದ್ರೂ ಉಕ್ಕುತ್ತೆ ಅತ್ತೆ. ಒಲೆ ತಣ್ಣಗಾದ ಮೇಲೆ ಸೋಡಾ ಹಾಕಿ, ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಟ್ರೆ ಮೆತ್ತಗಾಗುತ್ತೆ. ಬ್ಲೇಡು ಓರೆಯಾಗಿ ಮಲಗಿಸಿ ಕಲೆ ಎಬ್ಬಿಸಿದ್ರೆ ಬಂದ್‌ಬಿಡುತ್ತೆ. ನೀವು ಪೂಜೆಗೆ ಕೂತಾಗ ಮಾಡ್ಕೋತಿದ್ದೆ."

"ನನಗೊಂದು ಮಾತು ಹೇಳಬಾರದಿತ್ತೇನೇ?"

ಸೊಸೆ ಗಂಟನ್ನು ಮತ್ತೆ ಕಟ್ಟತೊಡಗಿದಳು. ಅವಳ ಬೆರಳುಗಳ ತುದಿಯಲ್ಲಿ ಬ್ಲೇಡು ತಾಗಿ ಮಾಗಿದ ಗಾಯಗಳಿದ್ದವು. ಅತ್ತೆ ಅವನ್ನು ಅಂದೇ ಮೊದಲ ಸಲ ನೋಡಿದಳು. ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟಳು.

ಗುರುಗಳು ಕತೆ ನಿಲ್ಲಿಸಿದರು.

"ಆಮೇಲೆ ಆ ಒಲೆ ಏನಾಯಿತು?" ಎಂದ ಚನ್ನವೀರಪ್ಪ.

"ನೀನು ಬರುವ ಸದ್ದು ಕೇಳಿದಾಗ ನಿನ್ನ ಮನೆಯವರು ಏನನ್ನು ಬಚ್ಚಿಡುತ್ತಾರೆ, ಚನ್ನವೀರಪ್ಪ?"