ಗೌಡರ ಕೊಡದ ನೀರು

ನಮ್ಮೂರ ನೀರುಗಂಟಿ ನಾನು. ಬುದ್ಧಿಯಲ್ಲಿ ನನ್ನನ್ನು ಮೀರಿಸುವವರು ಸುತ್ತ ಏಳು ಹಳ್ಳಿಯಲ್ಲಿಲ್ಲ.

ಪುಟ್ಟಮಾದೇಗೌಡರ ಮನೆಮಂದಿಗೆಲ್ಲ ಭೇದಿ ಹಿಡಿಯಿತು. “ನೀನು ಬಿಡೋ ನಲ್ಲಿ ನೀರೇ ಕೆಟ್ಟಿದೆ ಕಣೋ. ನಿನ್ನ ಕೆಲಸ ತೆಗೆಸ್ತೀನಿ” ಅಂದರು ಗೌಡರು.

ಪರೀಕ್ಷೆಯ ಬಾಟಲಿ ಎರಡು ತಂದೆ. ರೋಗಾಣುವಿದ್ದರೆ ನೀರು ಮರುದಿನಕ್ಕೆ ಕಪ್ಪಾಗುತ್ತದೆ. ಒಂದಕ್ಕೆ ಅವರ ನಲ್ಲಿಯಿಂದಲೇ ಹಿಡಿದೆ. ಇನ್ನೊಂದಕ್ಕೆ ಅವರು ಕುಡಿಯುವ ಕೊಡದ ನೀರು ಕೇಳಿದೆ.

“ನೀನು ನಮ್ಮ ಕೊಡ ಮುಟ್ಟೋ ಹಾಗಿಲ್ಲ!”

“ಸರಿ ಗೌಡ್ರೇ, ನೀವೇ ತುಂಬಿಕೊಡಿ.”

ಎತ್ತಿನ ಮೈ ತಿಕ್ಕಿ ಬಂದ ಕೈಯನ್ನು ಮಣಿಕಟ್ಟಿನವರೆಗೂ ಅದ್ದಿ ತುಂಬಿಕೊಟ್ಟರು.

ಮರುದಿನ ನಲ್ಲಿಯ ನೀರು ತಿಳಿಯಾಗಿಯೇ ಇತ್ತು. ಕೊಡದ್ದು ಕಾಡಿಗೆಯಾಗಿತ್ತು.

“ಯಾರೋ ಮುಟ್ಟಿ ಕೆಡಿಸಿದಾರೆ!” ಎಂದು ಗುಡುಗಿದರು.

“ಹೌದು, ಮುಟ್ಟಿದ್ದು ನೀವೊಬ್ಬರೇ” ಅಂದೆ.

ನನ್ನ ಕೆಲಸ ಉಳಿಯಿತು. ಗೌಡರು ಕುಡಿಯಲು ನೀರು ಕೇಳಿದರು. ಗೌಡತಿ ಉದ್ದ ಸೌಟು ಹಿಡಿದು ಬಂದರು.

“ಅಲ್ಲೇ ನಿಂತು ಬೊಗಸೆ ಒಡ್ಡಿ. ಮೇಲಿಂದ ಹುಯ್ತೀನಿ.”